ಬದನೆ ಬೀಜ ಉಳಿಸುವಾಗ ಸಿಪ್ಪೆಯ ಬಣ್ಣ ಕೆಡದಂತೆ ನೋಡಿಕೊಳ್ಳುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹಸಿರು ಮುಳಗಾಯಿಯ, ಅಂದರೆ ಬದನೆಯ, ಬೀಜ ಹಾಕಿದ್ದೆವು, ಅಲ್ಲೊಂದು ಇಲ್ಲೊಂದು ಗಿಡ ನೇರಳೆ ಕಾಯಿ ಬಿಟ್ಟಿದೆ. ಕರಿ ಬದನೆ ಅಂತ ಎತ್ತಿಟ್ಟ ಬೀಜದಲ್ಲಿ ಹಸಿರು, ಬಿಳಿ ಎಲ್ಲ ಬಂದಿದೆ. ಬಾಗಲಕೋಟೆ, ವಿಜಯಪುರ, ಗೋಕಾಕ, ರಾಯಬಾಗ ಕಡೆ ಮನೆ ಬೀಜ ಉಳಿಸುವವರು ಮತ್ತೆ ಮತ್ತೆ ಹೇಳುವ ತೊಂದರೆ ಇದು. ಗೊಬ್ಬರ ಬದಲಿಸುತ್ತಾರೆ, ನೀರು ಹೆಚ್ಚು ಕಡಿಮೆ ಮಾಡುತ್ತಾರೆ, ಮಣ್ಣಿನ ಮೇಲೆ ಅನುಮಾನ ಪಡುತ್ತಾರೆ. ಅದರಿಂದ ಏನೂ ಸರಿಹೋಗುವುದಿಲ್ಲ. ತಪ್ಪು ನಡೆದಿರುವುದು ಈ ವರ್ಷದ ಮಣ್ಣಿನಲ್ಲಿ ಅಲ್ಲ, ಹಿಂದಿನ ವರ್ಷದ ಹೂವಿನಲ್ಲಿ.

ಕೆಲಸ ಕಷ್ಟದ್ದೇನಲ್ಲ. ಆದರೆ ಕ್ರಮ ತಪ್ಪಬಾರದು. ಮುಂಗಾರಿನಲ್ಲಿ ಸಸಿ ಮಡಿ ಹಾಕಿದವರಿಗೆ ಎಳ್ಳ ಅಮವಾಸ್ಯೆ ಹೊತ್ತಿಗೆ ಬೀಜದ ಕಾಯಿ ಕೈಗೆ ಬರುವಂತೆ ಕೆಳಗಿನ ಹಂತಗಳನ್ನು ಜೋಡಿಸಿದ್ದೇನೆ.

## ಮೊದಲು ಇಷ್ಟು ತಿಳಿದಿರಲಿ: ಸಿಪ್ಪೆಗೆ ಬಣ್ಣ ಎಲ್ಲಿಂದ ಬರುತ್ತದೆ?

ಬದನೆ ಸಿಪ್ಪೆಯಲ್ಲಿ ಎರಡು ಬಣ್ಣಗಳಿವೆ. ಒಂದು ಎಲೆಯಲ್ಲಿರುವ ಹಸಿರೇ, ಅಂದರೆ ಪತ್ರಹರಿತ್ತು. ಇನ್ನೊಂದು ಆಂಥೋಸಯನಿನ್ ಎಂಬ ನೇರಳೆ ಬಣ್ಣ. ಎರಡಕ್ಕೂ ಬೇರೆ ಬೇರೆ ಜೀನ್‌ಗಳು. ಹಸಿರು ಗಾಜಿನ ಮೇಲೆ ನೇರಳೆ ಗಾಜು ಇಟ್ಟರೆ ಕಪ್ಪಾಗಿ ಕಾಣುತ್ತದಲ್ವಾ, ಕರಿ ಬದನೆಯೂ ಹಾಗೆಯೇ: ಕೆಳಗೆ ಹಸಿರು, ಮೇಲೆ ನೇರಳೆ. ಕೆಳಗೆ ಹಸಿರಿಲ್ಲದೆ ನೇರಳೆ ಮಾತ್ರ ಇದ್ದರೆ ತಿಳಿಯಾಗಿ ಹೊಳೆಯುವ ನೇರಳೆ ಕಾಯಿ. ಹಸಿರು ಮಾತ್ರ ಇದ್ದರೆ ಹಸಿರು ಕಾಯಿ. ಎರಡೂ ಇಲ್ಲದಿದ್ದರೆ ಬಿಳಿ.

ಪ್ರತಿ ಗಿಡದಲ್ಲೂ ಪ್ರತಿ ಜೀನ್ ಜೋಡಿಯಾಗಿ ಇರುತ್ತದೆ. ಒಂದು ತಾಯಿ ಹೂವಿನಿಂದ, ಇನ್ನೊಂದು ಪರಾಗದಿಂದ ಬಂದದ್ದು. ನೇರಳೆ ಮಾಡುವ ಜೀನ್ ಜೋಡಿಯಲ್ಲಿ ಒಂದು ಸರಿಯಿದ್ದರೂ ಸಾಕು, ಕಾಯಿ ಸಾಮಾನ್ಯವಾಗಿ ನೇರಳೆಯಾಗುತ್ತದೆ. ಹಸಿರು ಜೀನ್ ಕೂಡ ಬಿಳಿಯ ಎದುರು ಹೀಗೆಯೇ ಮೇಲುಗೈ ಪಡೆಯುತ್ತದೆ. ಆದ್ದರಿಂದ ನೇರಳೆ ಗಿಡದ ಒಳಗೆ ಹಸಿರೋ ಬಿಳಿಯೋ ಅಡಗಿ ಕೂತಿರಬಹುದು, ಹೊರಗೆ ಸ್ವಲ್ಪವೂ ಕಾಣುವುದಿಲ್ಲ. ಹಸಿರು ಕಾಯಿಯ ಗಿಡ ಹಾಗೆ ನೇರಳೆಯನ್ನು ಅಡಗಿಸಿಕೊಳ್ಳಲಾರದು.

ಈ ಮಾರ್ಗದರ್ಶಿಯ ತಿರುಳು ಇದೇ. ಹಸಿರು ಬೀಜದಿಂದ ನೇರಳೆ ಬಂದರೆ ಪರಾಗ ಹೊರಗಿನಿಂದ ಬಂದಿದೆ. ನೇರಳೆ ಬೀಜದಿಂದ ಹಸಿರು ಬಂದರೆ ಅದು ತಾಯಿ ಗಿಡದ ಒಳಗೇ ಮೊದಲಿನಿಂದ ಇತ್ತು. ಎರಡು ತೊಂದರೆಗಳೂ ಬೇರೆ, ಪರಿಹಾರವೂ ಬೇರೆ. ಎರಡನ್ನೂ ಒಂದೇ ಅಂದುಕೊಂಡವರೇ ಜಾಸ್ತಿ ಸೋಲುತ್ತಾರೆ.

ಇನ್ನೂ ಒಂದು ಮಾತು. ಕಾಯಿಯ ಸಿಪ್ಪೆ ಪೂರ್ತಿ ತಾಯಿ ಗಿಡದ್ದು. ಪಕ್ಕದ ಸಾಲಿನ ಪರಾಗ ಬಂದು ಬಿದ್ದರೂ ಈ ವರ್ಷದ ಕಾಯಿಯ ಬಣ್ಣ ಬದಲಾಗುವುದಿಲ್ಲ. ಬದಲಾವಣೆ ಇರುವುದು ಒಳಗಿನ ಬೀಜದಲ್ಲಿ, ಅದು ಮುಂದಿನ ವರ್ಷ ಗಿಡವಾಗಿ ಕಾಯಿ ಬಿಟ್ಟಾಗಲೇ ಕಣ್ಣಿಗೆ ಬೀಳುತ್ತದೆ. ಗೋವಿನಜೋಳದಲ್ಲಿ ಹಾಗಲ್ಲ. ಬಿಳಿ ತೆನೆಯಲ್ಲಿ ಹಳದಿ ಕಾಳು ಅದೇ ವರ್ಷ ಕಾಣಿಸಿಕೊಳ್ಳುತ್ತದೆ, ಯಾಕೆಂದರೆ ಅಲ್ಲಿ ನಾವು ನೋಡುವುದು ಬೀಜವನ್ನೇ. ಜೋಳ ನೋಡಿ ರೂಢಿಯಾದ ಕಣ್ಣು ಬದನೆಯಲ್ಲಿ ಮೋಸ ಹೋಗುತ್ತದೆ. "ಕಾಯಿ ಅಪ್ಪಟ ಹಸಿರಿತ್ತು, ಬೀಜವೂ ಅಪ್ಪಟವೇ" ಎಂಬ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

## ಬೇಕಾಗುವ ಸಾಮಾನು

ಸೊಳ್ಳೆ ಪರದೆಯ ಬಟ್ಟೆ ಅಥವಾ ತೆಳುವಾದ ಮಲ್ ಬಟ್ಟೆಯಲ್ಲಿ ಹೊಲಿದ ಅಂಗೈ ಅಗಲದ ಚೀಲಗಳು, ಬಾಯಿಗೆ ಲಾಡಿ ಇರಬೇಕು. ಎರಡು ಬಣ್ಣದ ಉಲನ್ ದಾರ. ಮಳೆಗೆ ಅಳಿಸದ ಪೆನ್ನು, ಪ್ಲಾಸ್ಟಿಕ್ ಚೀಟಿ, ಒಂದು ನೋಟುಬುಕ್ಕು. ಬೀಜ ತೆಗೆಯಲು ಚಾಕು, ನೀರು ಹಿಡಿಯುವ ಬುಟ್ಟಿ, ಸಣ್ಣ ಕಣ್ಣಿನ ಜರಡಿ. ಕೊನೆಗೆ ಬಿಗಿ ಮುಚ್ಚಳದ ಗಾಜಿನ ಸೀಸೆಗಳು.

ಪ್ಲಾಸ್ಟಿಕ್ ಕವರ್ ಬೇಡ. ನಮ್ಮ ಬಿಸಿಲಿಗೆ ಅದರೊಳಗೆ ಹಬೆ ಕೂತು ಹೂವು ಮರುದಿನವೇ ಉದುರುತ್ತದೆ.

## ಹಂತ 1: ಶುರುವಿನ ಬೀಜ ಯಾವುದು ಅಂತ ನೋಡಿ

ಪೊಟ್ಟಣದ ಮೇಲೆ "ಹೈಬ್ರಿಡ್", "ಎಫ್-1" ಅಥವಾ "ಸಂಕರ" ಎಂದು ಇದ್ದರೆ ಅದರಿಂದ ಬೀಜ ಉಳಿಸಬೇಡಿ. ಎರಡು ಬೇರೆ ತಳಿ ಕೂಡಿಸಿ ಮಾಡಿದ ಬೀಜ ಅದು. ಮೊದಲ ವರ್ಷ ಎಲ್ಲ ಗಿಡಗಳೂ ಒಂದೇ ಥರ ಇರುತ್ತವೆ. ಅದರ ಬೀಜ ಬಿತ್ತಿದರೆ ಜೋಡಿಗಳು ಒಡೆದು ಒಳಗಿದ್ದದ್ದೆಲ್ಲ ಹೊರಗೆ ಬರುತ್ತದೆ. ಕರಿ ಬದನೆಗೂ ಬಿಳಿ ಬದನೆಗೂ ಹುಟ್ಟಿದ ಹೈಬ್ರಿಡ್ ಅಂದುಕೊಳ್ಳಿ. ಸರಳ ಲೆಕ್ಕದಲ್ಲಿ ಅದರ ಬೀಜದಿಂದ ಬರುವ 16 ಗಿಡಗಳಲ್ಲಿ ಸುಮಾರು 9 ಕರಿ, 3 ತಿಳಿ ನೇರಳೆ, 3 ಹಸಿರು, 1 ಬಿಳಿ. ಹೊಲದಲ್ಲಿ ಇಷ್ಟು ನೀಟಾಗಿ ಬರುವುದಿಲ್ಲ. ನಡುವಿನ ಬಣ್ಣಗಳೂ ಕಾಣುತ್ತವೆ, ಯಾಕೆಂದರೆ ಬಣ್ಣ ಎಷ್ಟು ಗಾಢ ಅನ್ನುವುದಕ್ಕೆ ಬೇರೆ ಜೀನ್‌ಗಳೂ ಇವೆ.

ಹೆಸರು ನೋಡಿ ನಿರ್ಧರಿಸಬೇಡಿ. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಶಿರೀಷ್, ಅರ್ಕಾ ಕುಸುಮಾಕರ್ ಹಸಿರು ಕಾಯಿಯ ತಳಿಗಳು. ಅರ್ಕಾ ಕೇಶವ್, ಅರ್ಕಾ ನಿಧಿ ನೇರಳೆ ತಳಿಗಳು. ಇವುಗಳ ಬೀಜ ಉಳಿಸಬಹುದು. ಅದೇ ಸಂಸ್ಥೆಯ ಅರ್ಕಾ ಆನಂದ್, ಅರ್ಕಾ ನವನೀತ್ ಹೈಬ್ರಿಡ್‌ಗಳು, ಉಳಿಸಲು ಬರುವುದಿಲ್ಲ. ಹೆಸರಿನಲ್ಲಿ ಎಲ್ಲವೂ ಅರ್ಕಾ! ಅನುಮಾನ ಬಂದರೆ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲೋ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲೋ ಕೇಳಿ ತಿಳಿದುಕೊಳ್ಳಿ.

ಜವಾರಿ ಬೀಜ ಅಂತ ಸಂತೆಯಲ್ಲಿ ಕೊಂಡಿದ್ದರೆ, ಅಥವಾ ಬೀಗರ ಮನೆಯಿಂದ ತಂದಿದ್ದರೆ, ಅದು ಬೆರಕೆಯೇ ಅಂದುಕೊಂಡು ಶುರು ಮಾಡಿ. ನಂಬಿಕೆಯ ಪ್ರಶ್ನೆ ಅಲ್ಲ ಇದು. ಕೊಟ್ಟವರಿಗೂ ಅದರ ಒಳಗೆ ಏನಿದೆ ಅಂತ ಗೊತ್ತಿರುವುದಿಲ್ಲ.

## ಹಂತ 2: ಮಡಿಯಲ್ಲೇ ಅಗಿಯ (ಸಸಿಯ) ಕಾಂಡ ನೋಡಿ

ಇದನ್ನು ಬಹುತೇಕರು ಬಿಟ್ಟೇಬಿಡುತ್ತಾರೆ. ಅಗಿ ಎರಡೆಲೆ ಬಿಟ್ಟ ಹೊತ್ತಿನಲ್ಲಿ ಮಡಿಯ ಪಕ್ಕ ಕೂತು, ಮಣ್ಣಿಗೂ ಮೊದಲ ಎರಡೆಲೆಗೂ ನಡುವಿನ ಕಾಂಡವನ್ನು ನೋಡಿ. ಬೆಳಗಿನ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಕೆಲವು ತಳಿಗಳಲ್ಲಿ ಆ ಕಾಂಡ ಅಪ್ಪಟ ಹಸಿರು. ಕೆಲವುಗಳಲ್ಲಿ ನೇರಳೆ ಛಾಯೆ. ಕಾಂಡದಲ್ಲೂ ಆ ಬಣ್ಣ ಕೊಡುವುದು ಆಂಥೋಸಯನಿನ್‌ನೇ.

ನಿಮ್ಮ ಹಸಿರು ತಳಿಯ ಅಗಿಗಳೆಲ್ಲ ಹಸಿರು ಕಾಂಡದವು ಆಗಿದ್ದು, ನಡುವೆ ಒಂದೆರಡು ನೇರಳೆ ಕಾಂಡದವು ಕಂಡರೆ, ಅವು ಹೊರಗಿನ ಪರಾಗದ ಮಕ್ಕಳು. ಅಲ್ಲೇ ಕಿತ್ತುಹಾಕಿ. ಕಾಯಿ ಬಿಡುವವರೆಗೆ ಕಾಯಬೇಕಾಗಿಲ್ಲ.

ಆದರೆ ಈ ಗುರುತು ಎಲ್ಲ ತಳಿಗೂ ಒಪ್ಪುವುದಿಲ್ಲ. ಹಸಿರು ಕಾಯಿ ಬಿಡುವ ಕೆಲವು ಗಿಡಗಳಿಗೂ ನೇರಳೆ ಕಾಂಡ ಇರುತ್ತದೆ. ಹಾಗಾಗಿ ಮೊದಲ ವರ್ಷ ಸುಮ್ನೆ ಬರೆದಿಡಿ: ಎಷ್ಟು ಅಗಿ ಹಸಿರು, ಎಷ್ಟು ನೇರಳೆ, ಮುಂದೆ ಅವುಗಳ ಕಾಯಿ ಯಾವ ಬಣ್ಣ. ನಿಮ್ಮ ತಳಿಯಲ್ಲಿ ಗುರುತು ನಡೆಯುತ್ತದೋ ಇಲ್ಲವೋ ಅಂತ ಒಂದೇ ಹಂಗಾಮಿನಲ್ಲಿ ಗೊತ್ತಾಗುತ್ತದೆ. ನೇರಳೆ ತಳಿ ಉಳಿಸುವವರು ಈ ಹಂತವನ್ನು ತಿರುಗಿಸಿ ಬಳಸಬಹುದು. ಎಲ್ಲ ನೇರಳೆ ಕಾಂಡಗಳ ನಡುವೆ ಅಪ್ಪಟ ಹಸಿರು ಕಾಂಡ ಕಂಡರೆ ಅದು ತಾಯಿಯಲ್ಲಿ ಅಡಗಿದ್ದ ಜೋಡಿ ಒಡೆದು ಬಂದದ್ದು.

## ಹಂತ 3: ನಾಟಿಯ ಜಾಗ ಮತ್ತು ಅಂತರ

ಬದನೆ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೂ ದುಂಬಿಗಳು ಬಿಡುವುದಿಲ್ಲ. ಮುಖ್ಯವಾಗಿ ದೊಡ್ಡ ಕರಿ ದುಂಬಿ. ಹೂವಿನ ನಡುವಿನ ಹಳದಿ ಕೇಸರಗಳನ್ನು ಕಾಲಿನಲ್ಲಿ ಹಿಡಿದು ಗುಂಯ್ ಎಂದು ಅಲುಗಾಡಿಸಿ ಪರಾಗ ಉದುರಿಸಿಕೊಳ್ಳುತ್ತದೆ, ಮೈಗೆಲ್ಲ ಮೆತ್ತಿಕೊಂಡು ಮುಂದಿನ ಹೂವಿಗೆ ಹಾರುತ್ತದೆ. ಎಷ್ಟು ಬೆರಕೆ ಆಗುತ್ತದೆ ಅನ್ನುವುದು ಊರು, ಕಾಲ, ದುಂಬಿಗಳ ಸಂಖ್ಯೆಯ ಮೇಲೆ ತುಂಬಾ ಏರಿಳಿಯುತ್ತದೆ.

ಬೀಜ ಪ್ರಮಾಣೀಕರಣದ ನಿಯಮದಲ್ಲಿ ಎರಡು ಬದನೆ ತಳಿಗಳ ನಡುವೆ ರೈತರಿಗೆ ಮಾರುವ ಪ್ರಮಾಣಿತ ಬೀಜಕ್ಕೆ 100 ಮೀಟರ್, ಅದನ್ನು ಬೆಳೆಸಲು ಬಳಸುವ ಮೂಲ ಬೀಜಕ್ಕೆ 200 ಮೀಟರ್ ಅಂತರ ಹೇಳಿದೆ. ನಾಲ್ಕೈದು ಗುಂಟೆಯಲ್ಲಿ ತರಕಾರಿ ಮಾಡುವವರಿಗೆ ಇದು ಆಗದ ಮಾತು. ನಿಮ್ಮ ಬದುವಿನಾಚೆ ಯಾರು ಏನು ಹಾಕುತ್ತಾರೋ ಅದು ನಿಮ್ಮ ಕೈಯಲ್ಲಿಲ್ಲ. ಅದಕ್ಕೇ ನಾನು ಅಂತರಕ್ಕಿಂತ ಚೀಲವನ್ನೇ ಹೆಚ್ಚು ನಂಬುತ್ತೇನೆ.

"ನಮ್ಮ ಸುತ್ತಮುತ್ತ ನೇರಳೆ ಬದನೆಯೇ ಇಲ್ಲ, ಆದರೂ ನೇರಳೆ ಬಂತು" ಎನ್ನುವವರಿದ್ದಾರೆ. ಅದೂ ಸಾಧ್ಯ. ನೇರಳೆ ಬಣ್ಣ ತಯಾರಾಗಲು ಒಂದಕ್ಕಿಂತ ಹೆಚ್ಚು ಜೀನ್‌ಗಳು ಸರಿಯಿರಬೇಕು. ಒಂದು ಬಿಳಿ ತಳಿಯಲ್ಲಿ ಒಂದು ಜೀನ್ ಕೆಟ್ಟಿರುತ್ತದೆ, ಒಂದು ಹಸಿರು ತಳಿಯಲ್ಲಿ ಇನ್ನೊಂದು. ಎರಡೂ ಕೂಡಿದಾಗ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿ ಮಗು ನೇರಳೆಯಾಗುತ್ತದೆ. ಆದ್ದರಿಂದ ಹಸಿರು ಮತ್ತು ಬಿಳಿ ಎರಡೇ ಇದ್ದರೂ ಬೇರೆ ಬೇರೆ ತಳಿಗಳು ಅಂದರೆ ಬೇರೆಯೇ, ಚೀಲ ಕಟ್ಟಲೇಬೇಕು.

ಬದುವಿನ ಮೇಲೆ ತಾನಾಗಿ ಹುಟ್ಟುವ ಕಾಡುಬದನೆಯನ್ನು ಹೂ ಬಿಡುವ ಮೊದಲೇ ಕಿತ್ತುಬಿಡಿ. ಊರಿನ ಬದನೆಯ ಜೊತೆ ಅದು ಸುಲಭವಾಗಿ ಕೂಡುತ್ತದೆ. ಮುಳ್ಳು, ಕಹಿ, ಸಣ್ಣ ಕಾಯಿ ಎಲ್ಲ ಆ ದಾರಿಯಿಂದ ಬರಬಹುದು.

## ಹಂತ 4: ಮೊದಲ ಕಾಯಿ ತಿನ್ನಿ, ಬಣ್ಣ ನೋಡಿ, ಆಮೇಲೆ ಗಿಡ ಆರಿಸಿ

ಜಾಸ್ತಿ ಜನ ಎಡವುವ ಜಾಗ ಇದು, ಸ್ವಲ್ಪ ನಿಧಾನವಾಗಿ ಓದಿ.

ಸಾಮಾನ್ಯವಾಗಿ ಏನು ಮಾಡುತ್ತಾರೆ? ಹಂಗಾಮು ಮುಗಿಯುವಾಗ ಗಿಡದಲ್ಲಿ ಹಣ್ಣಾಗಿ ಉಳಿದ ಕಾಯಿ ಕಿತ್ತು ಬೀಜ ತೆಗೆಯುತ್ತಾರೆ. ಆ ಹೊತ್ತಿಗೆ ಬಣ್ಣದ ಗುರುತೇ ಅಳಿಸಿಹೋಗಿರುತ್ತದೆ. ನೇರಳೆ ಕಾಯಿ ಹಣ್ಣಾದರೆ ತಾಮ್ರದ ಕಂದು. ಹಸಿರು ಕಾಯಿ ಹಳದಿ. ಬಿಳಿಯೂ ಹಳದಿಯೇ. ಹಸಿರಿನ ಬೀಜ ಅಂತ ಬಿಳಿಯದನ್ನು ಎತ್ತಿಟ್ಟಿದ್ದರೂ ಗೊತ್ತಾಗುವುದಿಲ್ಲ.

ಕ್ರಮ ಹೀಗಿರಲಿ. ಗಿಡದ ಮೊದಲ ಎರಡು ಮೂರು ಕಾಯಿಗಳನ್ನು ಎಣಗಾಯಿಗೆ ಕೊಯ್ಯುವ ಹದಕ್ಕೆ ಬರಲು ಬಿಡಿ. ಆ ಹದದಲ್ಲಿ ಬಣ್ಣ ನೋಡಿ, ಗಿಡಕ್ಕೆ ಚೀಟಿ ಕಟ್ಟಿ, ಪುಸ್ತಕದಲ್ಲಿ ಬರೆಯಿರಿ. ಆ ಕಾಯಿಗಳನ್ನು ಅಡುಗೆಗೆ ಕೊಯ್ದುಕೊಳ್ಳಿ. ಅದೇ ಗಿಡದಲ್ಲಿ ಮುಂದೆ ಬರುವ ಹೂವುಗಳಿಗೆ ಚೀಲ ಕಟ್ಟುವುದು. ಜೂನ್ ಕೊನೆಗೆ ಮಡಿ ಹಾಕಿ ಆಗಸ್ಟ್ ಮೊದಲಲ್ಲಿ ನಾಟಿ ಮಾಡಿದರೆ ಅಕ್ಟೋಬರ್ ಮೊದಲ ಭಾಗದಲ್ಲಿ ಬಣ್ಣ ನೋಡುವ ಹೊತ್ತು ಬರುತ್ತದೆ. ಬಿಸಿಲು ತಗ್ಗಿ ಬಣ್ಣ ಚೆನ್ನಾಗಿ ಕೂರುವ ಕಾಲವೂ ಅದೇ.

ಬಣ್ಣ ನೋಡುವಾಗ ಮೂರು ಕಡೆ ಕಣ್ಣಿಡಿ.

ತೊಟ್ಟಿನ ಟೊಪ್ಪಿಗೆಯ ಕೆಳಗೆ. ಮುಳ್ಳು ಚುಚ್ಚದಂತೆ ಉಗುರಿನಿಂದ ಟೊಪ್ಪಿಗೆಯ ಅಂಚನ್ನು ಎತ್ತಿ. ಬಹಳ ತಳಿಗಳಲ್ಲಿ ಅಲ್ಲಿ ನೇರಳೆ ಇರುವುದಿಲ್ಲ, ಬಿಳಿ ಅಥವಾ ತಿಳಿ ಹಸಿರು ಇರುತ್ತದೆ. ಬಿಸಿಲು ತಾಗದೆ ಅಲ್ಲಿ ನೇರಳೆ ಕಟ್ಟಿಲ್ಲ ಅಂತ ಅರ್ಥ. ಕೆಳಪದರದಲ್ಲಿ ಹಸಿರಿದೆಯೋ ಇಲ್ಲವೋ ಅನ್ನುವುದರ ಸುಳಿವೂ ಅಲ್ಲೇ ಸಿಗುತ್ತದೆ. ಕೆಲವು ತಳಿಗಳಲ್ಲಿ ಟೊಪ್ಪಿಗೆ ಕೆಳಗೂ ನೇರಳೆ ಇರುತ್ತದೆ. ಅವುಗಳಿಗೆ ಬಿಸಿಲು ಬೇಕೇ ಬೇಕು ಅಂತಿಲ್ಲ. ಇದು ಕೂಡ ತಳಿಯ ಗುಣ. ನಿಮ್ಮ ಎಲ್ಲ ಗಿಡಗಳಲ್ಲಿ ಒಂದೇ ಥರ ಇದೆಯೇ ಅಂತ ನೋಡಿ. ಬೇರೆ ಬೇರೆ ಇದ್ದರೆ ತಳಿ ಬೆರೆತಿದೆ.

ಕಾಯಿಯ ತಳದಲ್ಲಿ. ಎಲೆಯ ನೆರಳಿನಲ್ಲಿ ಬೆಳೆದ ಕಾಯಿ ಒಂದು ಬದಿ ತೆಳುವಾಗಿರುತ್ತದೆ. ಅದು ನೆರಳಿನ ಗುರುತು, ಜೀನ್ ಅಲ್ಲ. ಹಾಗಾಗಿ ಒಂದೇ ಕಾಯಿ ನೋಡಿ ಗಿಡವನ್ನು ತಳ್ಳಿಹಾಕಬೇಡಿ, ಬಿಸಿಲಿನಲ್ಲಿರುವ ಇನ್ನೆರಡು ನೋಡಿ.

ಗೀರುಗಳಲ್ಲಿ. ಗೀರು ಇರುವ ತಳಿಯಾದರೆ ಗೀರಿನ ಬಣ್ಣ ಬಿಳಿಯೋ ಹಸಿರೋ, ತಳದವರೆಗೆ ಬರುತ್ತದೋ ನಡುವಲ್ಲೇ ನಿಲ್ಲುತ್ತದೋ ಬರೆಯಿರಿ. ಗೀರಿಗೆ ಬೇರೆ ಜೀನ್‌ಗಳ ಕೈವಾಡವಿದೆ. ಗೀರಿನ ಕಾಯಿಯನ್ನು ಶುದ್ಧ ಮಾಡುವುದು ಒಂದೇ ಬಣ್ಣದ ಕಾಯಿಗಿಂತ ನಿಧಾನದ ಕೆಲಸ.

ಕನಿಷ್ಠ ಆರೆಂಟು ಗಿಡಗಳನ್ನಾದರೂ ಆರಿಸಿ. ಒಂದೇ ಗಿಡದ ಬೀಜವನ್ನು ವರ್ಷಗಟ್ಟಲೆ ಎಳೆದರೆ ಬಣ್ಣ ಗಟ್ಟಿಯಾಗುತ್ತದೆ ನಿಜ, ಆದರೆ ತಳಿಯೊಳಗಿನ ಉಳಿದ ಒಳ್ಳೆಯ ಗುಣಗಳು ಕಳೆದುಹೋಗುತ್ತವೆ.

ಮಾರ್ಚ್‌ನಿಂದ ಮೇ ವರೆಗೆ ಈ ಆಯ್ಕೆ ಮಾಡಲೇಬೇಡಿ. ವಿಜಯಪುರ, ಬಾಗಲಕೋಟೆಯ 40 ಡಿಗ್ರಿ ಬಿಸಿಲಿನಲ್ಲಿ ಆಂಥೋಸಯನಿನ್ ಸರಿಯಾಗಿ ಕಟ್ಟುವುದಿಲ್ಲ. ಅಪ್ಪಟ ಕರಿ ತಳಿಯೂ ಮಾಸಿದಂತೆ ಕಾಣುತ್ತದೆ.

## ಹಂತ 5: ಹೂವಿಗೆ ಚೀಲ ಕಟ್ಟಿ

ಸಂಜೆ ಹೊತ್ತು ಆರಿಸಿದ ಗಿಡದ ಹತ್ತಿರ ಹೋಗಿ, ಮರುದಿನ ಅರಳುವ ಮೊಗ್ಗು ಹುಡುಕಿ. ಅದು ಉಬ್ಬಿರುತ್ತದೆ, ಎಸಳಿಗೆ ಬಣ್ಣ ಬಂದಿರುತ್ತದೆ, ಆದರೆ ತುದಿ ಇನ್ನೂ ಕೂಡಿಕೊಂಡಿರುತ್ತದೆ. ತುದಿ ಸ್ವಲ್ಪ ಬಿರಿದಿದ್ದರೂ ಬಿಟ್ಟುಬಿಡಿ.

ಎಲ್ಲ ಹೂವೂ ಕಾಯಿ ಕಟ್ಟುವುದಿಲ್ಲ. ಪಕ್ಕದಲ್ಲೇ ಅರಳಿರುವ ಹೂವೊಂದನ್ನು ಹತ್ತಿರದಿಂದ ನೋಡಿ. ಹಳದಿ ಕೇಸರಗಳು ಕೂಡಿ ಕೊಳವೆಯಂತೆ ನಿಂತಿವೆ. ಅದರ ನಡುವಿನಿಂದ ಹಸಿರು ಶಲಾಕೆ, ಅಂದರೆ ಪರಾಗ ಹಿಡಿಯುವ ಹೆಣ್ಣು ಕಡ್ಡಿ, ಹೊರಗೆ ಇಣುಕಿದ್ದರೆ ಅದು ಉದ್ದ ಶಲಾಕೆಯ ಹೂವು, ಕಾಯಿ ಕಟ್ಟುತ್ತದೆ. ಕೇಸರಗಳ ಮಟ್ಟಕ್ಕೇ ನಿಂತಿದ್ದರೂ ಕಟ್ಟುತ್ತದೆ. ಕೇಸರಗಳ ಒಳಗೇ ಮುಳುಗಿದ್ದರೆ ಅದು ಗಿಡ್ಡ ಶಲಾಕೆ, ಉದುರಿಹೋಗುತ್ತದೆ. ಗೊಂಚಲಿನಲ್ಲಿ ಸಾಮಾನ್ಯವಾಗಿ ಬುಡದ ಕಡೆಯ ದೊಡ್ಡ ಹೂವು ಉದ್ದ ಶಲಾಕೆಯದು, ಆ ಥರದ ಮೊಗ್ಗನ್ನೇ ಆರಿಸಿ. ಇದು ಗೊತ್ತಿಲ್ಲದೆ ಕೈಗೆ ಸಿಕ್ಕ ಮೊಗ್ಗಿಗೆಲ್ಲ ಚೀಲ ಕಟ್ಟಿ, ಎಲ್ಲ ಉದುರಿದಾಗ ಚೀಲದ ಮೇಲೆ ತಪ್ಪು ಹೊರಿಸುತ್ತಾರೆ.

ಚೀಲದೊಳಗೆ ಮೊಗ್ಗು ಹೋಗಲಿ, ತೊಟ್ಟಿನ ಹಿಂದೆ ಲಾಡಿ ಎಳೆಯಿರಿ. ಇರುವೆಯೂ ನುಗ್ಗಬಾರದು, ತೊಟ್ಟೂ ನುಲಿಯಬಾರದು. ಚೀಲದ ಭಾರ ಕೊಂಬೆಯ ಮೇಲೆ ಬೀಳಲಿ, ಹೂವಿನ ಮೇಲೆ ಬೇಡ.

ಮರುದಿನ ಮತ್ತು ಅದರ ಮರುದಿನ, ಬೆಳಿಗ್ಗೆ ಬಿಸಿಲೇರಿದ ಮೇಲೆ ಮಧ್ಯಾಹ್ನದ ಒಳಗೆ, ಚೀಲದ ಹೊರಗಿನಿಂದಲೇ ಹೂವಿನ ಹಿಂಭಾಗಕ್ಕೆ ಬೆರಳಿನಿಂದ ಮೆಲ್ಲಗೆ ಹತ್ತಾರು ಸಲ ತಟ್ಟಿ. ಬದನೆಯ ಕೇಸರಗಳು ಉದ್ದಕ್ಕೆ ಸೀಳಿಕೊಳ್ಳುವುದಿಲ್ಲ, ತುದಿಯ ಸಣ್ಣ ತೂತಿನಿಂದ ಪರಾಗ ಉದುರಿಸುತ್ತವೆ. ಅಲುಗಾಡಿಸದಿದ್ದರೆ ಬೇಕಾದಷ್ಟು ಬೀಳುವುದಿಲ್ಲ. ದುಂಬಿ ಮಾಡುವ ಕೆಲಸವನ್ನೇ ನೀವು ಬೆರಳಿನಿಂದ ಮಾಡುತ್ತಿದ್ದೀರಿ. ಚೀಲ ಕಟ್ಟಿಯೂ ಕಾಯಿ ಕಟ್ಟಲಿಲ್ಲ ಎನ್ನುವವರಲ್ಲಿ ಬಹಳಷ್ಟು ಜನ ಈ ತಟ್ಟುವುದನ್ನು ಬಿಟ್ಟಿರುತ್ತಾರೆ.

ಗಿಡಕ್ಕೆ ನಾಲ್ಕೈದು ಮೊಗ್ಗಿಗಾದರೂ ಕಟ್ಟಿ. ಕೆಲವು ಉದುರುತ್ತವೆ, ಕೆಲವು ಹುಳದ ಪಾಲಾಗುತ್ತವೆ, ಒಂದೆರಡು ಗಟ್ಟಿಯಾಗಿ ಉಳಿದರೆ ಸಾಕು. ಒಂದು ಗ್ರಾಂ ತೂಕದಲ್ಲಿ ಸುಮಾರು 200ರಿಂದ 250 ಬೀಜ ಇರುತ್ತವೆ, ಒಂದು ಒಳ್ಳೆಯ ಕಾಯಿಯೇ ನೂರಾರು ಬೀಜ ಕೊಡುತ್ತದೆ.

## ಹಂತ 6: ಮೊದಲು ದಾರ, ಆಮೇಲೆ ಚೀಲ ಬಿಚ್ಚಿ

ಎಸಳು ಬಾಡಿ, ಬಟಾಣಿಯಷ್ಟು ಕಾಯಿ ಕಾಣಿಸಿದ ಮೇಲೆ ಚೀಲ ಬಿಚ್ಚಬಹುದು. ಅದಕ್ಕೂ ಮುಂಚೆ ತೊಟ್ಟಿಗೆ ಉಲನ್ ದಾರ ಸಡಿಲವಾಗಿ ಕಟ್ಟಿ. ಚೀಲ ಬಿಚ್ಚಿದ ಮೇಲೆ ದಾರ ಹುಡುಕಲು ಹೋದರೆ ಯಾವ ಕಾಯಿ ಚೀಲದ್ದು, ಯಾವುದು ದುಂಬಿಯದ್ದು ಅಂತ ಯಾರಿಂದಲೂ ಹೇಳಲಾಗದು.

ಮನೆಯವರಿಗೆಲ್ಲ ದಾರದ ವಿಷಯ ಹೇಳಿಡಿ. ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಎಡೆ ಚೆಲ್ಲಲು, ಎಣಗಾಯಿ ಆಗಲೇಬೇಕು. ಹೊಲದಲ್ಲಿ ಚೆನ್ನಾಗಿ ಬಂದ ಕಾಯಿಗೇ ಮೊದಲು ಕೈ ಹೋಗುತ್ತದೆ. ದಾರದ ಕಾಯಿಯ ಮೇಲೆ ಕಣ್ಣಿರಲಿ.

ಕಾಯಿಕೊರಕದ ತೂತು ಕಂಡರೆ ಆ ಕಾಯಿ ಬೀಜಕ್ಕೆ ಬೇಡ. ಒಳಗೆ ಕೊಳೆತು ಬೀಜ ಬೂಷ್ಟು ಹಿಡಿಯುತ್ತದೆ. ಗಿಡಕ್ಕೆ ಎರಡು ಮೂರು ಬೀಜದ ಕಾಯಿ ಉಳಿಸಿ, ಬೇರೆ ಕಾಯಿಗಳನ್ನು ಎಳೆಯದಾಗಿಯೇ ಕೊಯ್ಯುತ್ತಿರಿ. ಆಗ ಬೀಜದ ಕಾಯಿ ಚೆನ್ನಾಗಿ ತುಂಬುತ್ತದೆ.

## ಹಂತ 7: ಹಣ್ಣಾಗಲು ಬಿಡಿ, ಬೀಜ ತೆಗೆಯಿರಿ

ಹೂ ಅರಳಿದ ದಿನದಿಂದ ಸುಮಾರು 50ರಿಂದ 60 ದಿನ ಬೇಕು. ಸಿಪ್ಪೆ ಹೊಳಪು ಕಳೆದುಕೊಂಡು ಹಳದಿ ಅಥವಾ ಕಂದು ಆಗಬೇಕು. ಅಡುಗೆಯ ಹದದ ಕಾಯಿಯಲ್ಲಿ ಬೀಜ ಕಂಡರೂ ಅದು ಬಲಿತಿರುವುದಿಲ್ಲ, ಮೊಳೆಯುವುದಿಲ್ಲ. ಕೊಯ್ದ ಮೇಲೆ ನೆರಳಿನಲ್ಲಿ ಒಂದು ವಾರ ಇಟ್ಟು ಮೆತ್ತಗಾಗಲು ಬಿಡಿ.

ಬೀಜ ಜಾಸ್ತಿ ಇರುವುದು ಕಾಯಿಯ ಕೆಳಭಾಗದಲ್ಲಿ. ತೊಟ್ಟಿನ ಕಡೆಯ ತುಂಡು ತೆಗೆದು, ಉಳಿದದ್ದನ್ನು ಹೆಚ್ಚಿ, ನೀರಿನಲ್ಲಿ ಕಿವುಚಿ. ಗಟ್ಟಿ ಬೀಜ ತಳಕ್ಕೆ ಇಳಿಯುತ್ತದೆ, ಜೊಳ್ಳು ಮತ್ತು ತಿರುಳು ತೇಲುತ್ತದೆ. ತಿರುಳು ಬಿಡದಿದ್ದರೆ ಒಂದು ರಾತ್ರಿ ನೆನೆಯಲು ಬಿಡಬಹುದು. ಒಂದು ದಿನ ಮೀರಿದರೆ ಬೀಜ ಕಪ್ಪಾಗುತ್ತದೆ, ಕೆಲವು ಬುಟ್ಟಿಯಲ್ಲೇ ಮೊಳಕೆ ಒಡೆಯುತ್ತವೆ.

ಒಂದೊಂದು ಗಿಡದ ಬೀಜವನ್ನು ಬೇರೆ ಬೇರೆ ಬುಟ್ಟಿಯಲ್ಲಿ ತೆಗೆದು ಬೇರೆ ಬೇರೆ ಇಡಿ. ಇಲ್ಲಿ ಎಲ್ಲವನ್ನೂ ಕೂಡಿಸಿಬಿಟ್ಟರೆ ಒಂಬತ್ತನೇ ಹಂತದ ಪರೀಕ್ಷೆ ನಡೆಯುವುದೇ ಇಲ್ಲ.

## ಹಂತ 8: ಒಣಗಿಸಿ, ಸೀಸೆಗೆ ಹಾಕಿ

ಮೊದಲ ದಿನ ನೆರಳಿನಲ್ಲಿ, ಆಮೇಲೆ ಬೆಳಗಿನ ಎಳೆ ಬಿಸಿಲಿನಲ್ಲಿ ಬಟ್ಟೆಯ ಮೇಲೆ ತೆಳುವಾಗಿ ಹರಡಿ ಒಣಗಿಸಿ. ತಗಡಿನ ಮೇಲೆ, ಕಾದ ಮಾಳಿಗೆಯ ಮೇಲೆ ಬೇಡ. ಬೀಜವನ್ನು ಉಗುರಿನಿಂದ ಬಗ್ಗಿಸಿದರೆ ಬಾಗದೆ ಟಕ್ ಎಂದು ಮುರಿಯಬೇಕು. ಚೀಟಿಯಲ್ಲಿ ಗಿಡದ ನಂಬರು, ಅಡುಗೆಯ ಹದದಲ್ಲಿದ್ದ ಬಣ್ಣ, ಟೊಪ್ಪಿಗೆಯ ಕೆಳಗಿನ ಬಣ್ಣ, ವರ್ಷ ಬರೆದು ಸೀಸೆಯ ಒಳಗೇ ಹಾಕಿ. ಹೊರಗೆ ಅಂಟಿಸಿದ ಚೀಟಿ ಉದುರುತ್ತದೆ. ಚೆನ್ನಾಗಿ ಒಣಗಿದ ಬೀಜ ತಂಪಾದ ಕತ್ತಲೆಯ ಜಾಗದಲ್ಲಿ ಎರಡು ಮೂರು ವರ್ಷ ತಾಳುತ್ತದೆ. ಹೊಸ ಬೀಜ ಕೂಡಲೇ ಬಿತ್ತಿದರೆ ಕೆಲವು ತಳಿಗಳು ಮೊಳೆಯಲು ಸತಾಯಿಸುತ್ತವೆ, ಒಂದೆರಡು ತಿಂಗಳು ಬಿಡಿ.

## ಹಂತ 9: ಅಡಗಿದ್ದನ್ನು ಹೊರಗೆಳೆಯುವ ಪರೀಕ್ಷೆ

ಹಸಿರು, ಬಿಳಿ ತಳಿ ಉಳಿಸುವವರಿಗೆ ಚೀಲವೊಂದೇ ಹೆಚ್ಚು ಕಡಿಮೆ ಸಾಕು (ಹಸಿರಿನಲ್ಲಿ ಬಿಳಿ ಅಡಗಿದ್ದರೆ ಮಾತ್ರ ಅವರಿಗೂ ಇದೇ ಪರೀಕ್ಷೆ). ನೇರಳೆ, ಕರಿ ತಳಿ ಉಳಿಸುವವರು ಇಲ್ಲಿಗೇ ನಿಂತರೆ ಕೆಲಸ ಅರ್ಧ ಮಾತ್ರ. ಚೀಲ ಹೊರಗಿನ ಪರಾಗವನ್ನು ತಡೆಯುತ್ತದೆ, ಗಿಡದೊಳಗೆ ಮೊದಲೇ ಅಡಗಿರುವ ಹಸಿರನ್ನು ತೆಗೆಯುವುದಿಲ್ಲ.

ದಾರಿ ಇದು. ಒಂದೊಂದು ಗಿಡದ ಚೀಲದ ಬೀಜದಿಂದ ಸ್ವಲ್ಪ ಮಾತ್ರ ತೆಗೆದು ಬಿತ್ತಿ, ಉಳಿದದ್ದು ಸೀಸೆಯಲ್ಲೇ ಇರಲಿ. ಪ್ರತಿ ಗಿಡದ್ದು 16 ಅಗಿ ನಾಟಿ ಮಾಡಿ, ಬೇರೆ ಬೇರೆ ಸಾಲಿನಲ್ಲಿ. ತಾಯಿಯಲ್ಲಿ ಹಸಿರು ಅಡಗಿದ್ದರೆ ನಾಲ್ಕು ಮಕ್ಕಳಲ್ಲಿ ಒಂದರಂತೆ ಹಸಿರು ಕಾಯಿ ಬಿಡುವ ಲೆಕ್ಕ. 16 ಗಿಡವೂ ನೇರಳೆಯೇ ಬಂದರೆ, ಆ ತಾಯಿಯಲ್ಲಿ ಹಸಿರು ಅಡಗಿದ್ದೂ ನಮ್ಮ ಕಣ್ಣು ತಪ್ಪಿಸಿಕೊಂಡಿರುವ ಸಾಧ್ಯತೆ ನೂರಕ್ಕೆ ಒಂದು ಮಾತ್ರ. 11 ಗಿಡ ಹಾಕಿದರೆ ನೂರಕ್ಕೆ ನಾಲ್ಕು. ಜಾಗ ಇಲ್ಲದವರು 11ಕ್ಕೆ ನಿಲ್ಲಿಸಬಹುದು. ಐದಾರು ಗಿಡ ನೋಡಿ "ಶುದ್ಧ" ಅಂತ ತೀರ್ಮಾನಿಸುವುದು ಮಾತ್ರ ಬೇಡ.

ಒಂದೇ ಒಂದು ಹಸಿರು ಕಂಡರೂ ಆ ತಾಯಿಯ ಸೀಸೆಯ ಬೀಜವನ್ನು ತಳಿ ಉಳಿಸಲು ಬಳಸಬೇಡಿ, ಅಡುಗೆಯ ಕಾಯಿ ಬೆಳೆಯಲು ಬಳಸಿ. ಒಂದೂ ಕಾಣದ ತಾಯಿಗಳ ಸೀಸೆಗಳನ್ನು ಮಾತ್ರ ಕೂಡಿಸಿ ಮುಂದಿನ ಬೀಜ ಮಾಡಿ. ನೇರಳೆಯ ಕೆಳಗೆ ಹಸಿರೂ ಬಿಳಿಯೂ ಎರಡೂ ಅಡಗಿರುವ ಗಿಡವಾದರೆ ಬಿಳಿ ಕಾಯಿ ಬರುವುದು 16ರಲ್ಲಿ ಒಂದೇ. ಅದನ್ನು ನೋಡಲು ಸುಮಾರು 47 ಗಿಡ ಬೇಕಾಗುತ್ತದೆ. ಆದರೆ ಅಷ್ಟು ದೂರ ಹೋಗಬೇಕಿಲ್ಲ, ಅಂಥ ತಾಯಿಯ ಮಕ್ಕಳಲ್ಲಿ ಹಸಿರು ಅದಕ್ಕೂ ಮೊದಲೇ ಕಂಡು ಸಿಕ್ಕಿಬೀಳುತ್ತದೆ.

## ಬಣ್ಣ ತಪ್ಪಿದಾಗ ಕಾರಣ ಓದುವುದು ಹೇಗೆ

ಹಸಿರು ತಳಿಯಲ್ಲಿ ಅಲ್ಲೊಂದು ಇಲ್ಲೊಂದು ನೇರಳೆ ಗಿಡ: ಹೊರಗಿನ ಪರಾಗ. ಆ ಗಿಡಗಳನ್ನು ಕೀಳಿ. ಅವು ಕಾಯಿ ತೋರಿಸುವ ಹೊತ್ತಿಗೆ ಪರಾಗ ಹಂಚಿ ಆಗಿರುತ್ತದೆ, ಆದ್ದರಿಂದ ಈ ಸಾಲಿನಲ್ಲಿ ಚೀಲ ಕಟ್ಟದ ಕಾಯಿಯ ಬೀಜ ಇಡಬೇಡಿ.

ನೇರಳೆ ತಳಿಯಲ್ಲಿ ನಾಲ್ಕರಲ್ಲಿ ಒಂದರಷ್ಟು ಹಸಿರು: ತಾಯಿಯೇ ಬೆರಕೆ. ಒಂಬತ್ತನೇ ಹಂತಕ್ಕೆ ಹೋಗಿ.

ಬಣ್ಣ, ಆಕಾರ, ಮುಳ್ಳು, ಗಿಡದ ಎತ್ತರ ಎಲ್ಲವೂ ಚೆಲ್ಲಾಪಿಲ್ಲಿ: ಹೈಬ್ರಿಡ್‌ನಿಂದ ಬೀಜ ತೆಗೆದಿದ್ದೀರಿ. ಮೊದಲಿನಿಂದ ಶುರು ಮಾಡುವುದೇ ಒಳ್ಳೆಯದು.

ಎಲ್ಲ ಗಿಡಗಳಲ್ಲೂ ಒಟ್ಟಿಗೆ ಬಣ್ಣ ಮಾಸಿದೆ: ಇದು ಜೀನ್ ಅಲ್ಲ, ಬಿಸಿಲು. ಜೀನ್ ತಪ್ಪಿದರೆ ಗಿಡದಿಂದ ಗಿಡಕ್ಕೆ ವ್ಯತ್ಯಾಸ ಕಾಣುತ್ತದೆ. ಹವೆ ತಪ್ಪಿದರೆ ಇಡೀ ಮಡಿ ಒಂದೇ ಥರ ಮಾಸುತ್ತದೆ. ತಂಪು ಬಂದ ಮೇಲೆ ಅದೇ ಗಿಡದ ಹೊಸ ಕಾಯಿಗೆ ಬಣ್ಣ ತಿರುಗಿ ಬಂದರೆ ಖಾತ್ರಿ.

ಒಂದೇ ಗಿಡದಲ್ಲಿ ಕೆಲವು ಕಾಯಿ ಗಾಢ, ಕೆಲವು ತೆಳು: ನೆರಳು ಅಥವಾ ಕಾಯಿಯ ವಯಸ್ಸು. ತೆಳುವಾದ ಕಾಯಿಗೆ ಬಿಸಿಲು ಬೀಳುವಂತೆ ಮೇಲಿನ ಎರಡೆಲೆ ತೆಗೆದು ವಾರ ಬಿಟ್ಟು ನೋಡಿ. ಎಳೆಯ ಕಾಯಿಯಾಗಿದ್ದರೆ ಬಣ್ಣ ಏರುತ್ತದೆ. ಆಗಲೇ ಹೊಳಪು ಕಳೆದುಕೊಂಡಿದ್ದರೆ ಅದು ಹಣ್ಣಾಗಲು ಹೊರಟ ಕಾಯಿ, ಆ ಗಿಡದ ಬಣ್ಣ ಬರೆದುಕೊಳ್ಳಲು ಬೇರೆ ಎಳೆ ಕಾಯಿ ನೋಡಿ.